ಹದಿನೇಳನೆಯ ತಪ್ಪು

"ಹದಿನೇಳನೇ ತಪ್ಪು ಬರದವರು ಯಾರ್ರಿ?"

ಹಾನಗಲ್ಲಿನ ಆ ಪುಟ್ಟ ಕಚೇರಿಯ ಬಾಗಿಲಲ್ಲಿ ನಿಂತವನ ಕೈಯಲ್ಲಿ ಮಡಿಚಿ ಮಡಿಚಿ ಸವೆದ ಕಾಗದವಿತ್ತು. ಮಲ್ಲಿಕಾ ಕಾಗದವನ್ನು ಗುರುತಿಸಿದಳು. ಆ ಪಟ್ಟಿ ಅವಳದೇ.

"ನಾನರೀ... ಮಲ್ಲಿಕಾ" ಎಂದು ಎದ್ದು ನಿಂತಳು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು ಎಂದು ಆಮೇಲೆ ಎಷ್ಟೋ ಸಲ ಅವಳಿಗೆ ಅನಿಸಿತು.

"ನೂರಾ ಹನ್ನೆರಡು ತಪ್ಪು ಬರದೀರಿ. ಕಂಪನಿಯವರು ಎಲ್ಲಾ ಹಂಗ ಬಿಟ್ಟಾರ. ಸರಿ ಇದ್ದದ್ದೊಂದನ್ನ ತಿದ್ದ್ಯಾರ. ಅದು ನಮ್ಮವ್ವನ ಮಾತು."

ಕಾಗದವನ್ನು ಅವಳ ಮೇಜಿನ ಮೇಲಿಟ್ಟು, "ಹೋಗ್ತೇನಿ" ಎಂದಷ್ಟೇ ಹೇಳಿ ಮೆಟ್ಟಿಲಿಳಿದ. ಹೋಗಿ ಬರ್ತೇನಿ ಅನ್ನಲಿಲ್ಲ. ಶತ್ರುವಿನ ಮನೆಯಿಂದ ಹೊರಡುವಾಗಲೂ ನಮ್ಮ ಕಡೆ ಯಾರೂ ಹಾಗೆ ಹೇಳಿ ಹೋಗುವುದಿಲ್ಲ.

ಮಲ್ಲಿಕಾಳ ಕೆಲಸವೇ ತಪ್ಪು ಹುಡುಕುವುದು: ಆಟ ಹೊರಬರುವ ಮೊದಲು ಆಡಿ ನೋಡಿ, ಕಂಡ ತಪ್ಪನ್ನೆಲ್ಲ ಪಟ್ಟಿ ಮಾಡಿ ಕಂಪನಿಗೆ ಕಳಿಸುವುದು. ಜಪಾನಿನ ಐದು ಹಳೆಯ ಕಂಪ್ಯೂಟರ್ ಆಟಗಳನ್ನು ಒಂದೇ ಕಟ್ಟಾಗಿ ಕಟ್ಟಿ, ಯಾವುದೋ ಕಂಪನಿ ಕನ್ನಡಕ್ಕೆ ತಂದಿತ್ತು. ತಂದದ್ದೇನು, ಎಳೆದು ತಂದಿತ್ತು! ಅಕ್ಷರಗಳು ಚೌಕದಿಂದಾಚೆ ಚಾಚಿ ಅರ್ಧ ವಾಕ್ಯ ಮಾಯವಾಗುತ್ತಿತ್ತು. ಎರಡನೆಯ ಆಟದ ಗಂಡ ಹೆಂಡತಿಯನ್ನು 'ಮಾನ್ಯರೇ' ಎನ್ನುತ್ತಿದ್ದ. ಮೂರನೆಯದರಲ್ಲಿ ಆಟ ಉಳಿಸಿಡುವ ಗುಂಡಿಯ ಮೇಲೆ 'ಕಾಪಾಡಿ' ಎಂದಿತ್ತು. ನಾಲ್ಕನೆಯದರ ಕೊನೆಯ ಭಾಗ ಜಪಾನಿಯಲ್ಲೇ ಉಳಿದಿತ್ತು. ನಾಯಕ ಬದುಕಿದನೋ ಸತ್ತನೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಐದನೆಯದು ಮಾತ್ರ ಬೇರೆಯೇ ಇತ್ತು.

ಅಲ್ಲಿ ಕಡಲದಂಡೆಯ ಒಂದು ಮನೆ, ಒಬ್ಬ ಅಜ್ಜಿ. ಮೊಮ್ಮಗಳು ದಿನವೂ ಮೀನು ಹಿಡಿಯಲು ಹೋಗಬೇಕು. ಹೊರಡುವಾಗಲೆಲ್ಲ ಅಜ್ಜಿ ನಮ್ಮ ಹಾನಗಲ್ಲ ಸೀಮೆಯ ಮಾತಿನಲ್ಲೇ ಹರಸುತ್ತಿದ್ದಳು. ಅದನ್ನು ಕೇಳಬೇಕೆಂದೇ ಮೊಮ್ಮಗಳಾಗಿ ಆಡುತ್ತಿದ್ದ ಮಲ್ಲಿಕಾ ಸುಮ್ಮಸುಮ್ಮನೆ ಆ ಮನೆಯ ಬಾಗಿಲು ದಾಟಿ ಹೊರಗೆ ಹೋಗುವಳು, ಒಳಗೆ ಬರುವಳು, ಮತ್ತೆ ಹೋಗುವಳು. ಅಜ್ಜಿಯ ಒಂದೊಂದು ಮಾತನ್ನೂ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಳು.

'ಇದನ್ನ ಬರೆದವರು ಯಾರೋ... ಒಮ್ಮೆ ನೋಡಬೇಕು.' ಮುಖ ಕಾಣದವರ ಮೇಲೆ ಮನಸ್ಸಿಡುವುದು ಹುಚ್ಚು ಎಂದು ತನ್ನನ್ನೇ ಗದರಿಕೊಂಡರೂ ಮನಸ್ಸು ಕೇಳಿರಲಿಲ್ಲ.

ಆದರೂ ಆ ಸಾಲು ಬರೆದವಳು ಅವಳೇ: 'ಹದಿನೇಳು. ಅಜ್ಜಿಯ ಭಾಷೆ ಶಿಷ್ಟವಲ್ಲ. ಬದಲಿಸುವುದು.' ಪುಸ್ತಕದ ಕನ್ನಡ ಅಲ್ಲದ್ದೆಲ್ಲ ತಪ್ಪೇ ಎಂದು ಕಚೇರಿಯ ಯಜಮಾನ ಹಾಲೇಶ ಮೊದಲೇ ತಾಕೀತು ಮಾಡಿದ್ದ. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಹೆದರಿ ಬರೆದಿದ್ದಳು.

ನೋಡಬೇಕು ಎಂದುಕೊಂಡವನನ್ನು ಇವತ್ತು ನೋಡಿದ್ದಳು. ಹೀಗೆ ನೋಡಬೇಕಾಯಿತಲ್ಲ!

ಅವನ ಹೆಸರು ಚನ್ನೇಶ, ತಿಳವಳ್ಳಿಯವನು ಎಂದು ಹಾಲೇಶನೇ ಹೇಳಿದ. ಧಾರವಾಡದ ಹತ್ತಿರ ಜಪಾನಿನವರ ಕಾರ್ಖಾನೆಯಲ್ಲಿ ದುಭಾಷಿಯಾಗಿದ್ದ. ತಾಯಿ ಹೊನ್ನವ್ವ ಹಾಸಿಗೆ ಹಿಡಿದ ಮೇಲೆ ಊರಿಗೆ ಬಂದು ಕುಳಿತ. ಮೊದಲ ನಾಲ್ಕು ಆಟಗಳನ್ನು ಯಂತ್ರ ಅನುವಾದಿಸಿತ್ತು; ಐದನೆಯದು ಅವನ ಪಾಲಿಗೆ ಬಂತು. ಅಜ್ಜಿ ಹೀಗಂತಾಳ, ನೀನಾಗಿದ್ದರ ಏನಂತಿದ್ದಿ ಎಂದು ತಾಯಿಯನ್ನು ಕೇಳುವನು. ಆಕೆ ಹೇಳಿದ್ದನ್ನು ಹಾಗೇ ಬರೆಯುವನು.

ಆಟ ಹೊರಬಂದ ದಿನ ತಾಯಿಯ ಮುಂದೆ ಪರದೆ ಹಿಡಿದು ಓದಿ ಹೇಳಿದನಂತೆ. ಮೊಮ್ಮಗಳು ಹೊರಟಳು. ಅಜ್ಜಿ ಅಂದಳು: 'ನೀವು ನಿರ್ಗಮಿಸಬಹುದು.'

"ಇದು ನಾ ಹೇಳಿದ್ದಲ್ಲ" ಎಂದು ಹೊನ್ನವ್ವ ಗೋಡೆಯ ಕಡೆ ಮುಖ ತಿರುಗಿಸಿದಳಂತೆ. ನಾಲ್ಕನೆಯ ದಿನ ತೀರಿಕೊಂಡಳು.

ಮಾತು ಬದಲಾದದ್ದೇಕೆಂದು ಕೇಳಿದ ಚನ್ನೇಶನಿಗೆ ಕಂಪನಿ ಕಳಿಸಿದ್ದು ಮಲ್ಲಿಕಾಳ ಪಟ್ಟಿಯನ್ನು. ಹಳೆಯ ಮಾತುಗಳನ್ನು ಮರಳಿ ಹಾಕಿರೆಂದು ಅವಳು ಕಂಪನಿಗೆ ಮೂರು ಸಲ ಬರೆದಳು. ಕನ್ನಡದ ಕೆಲಸ ಮುಗಿಸಿದ್ದೇವೆ, ಇನ್ನು ಯಾವುದನ್ನೂ ಮುಟ್ಟುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಹೋಗಲಿ, ಚನ್ನೇಶನ ಬಳಿಯಾದರೂ ಪ್ರತಿ ಇರಬೇಕಲ್ಲ? ಇಲ್ಲವಂತೆ. ಎಲ್ಲವನ್ನೂ ನೇರ ಕಂಪನಿಯ ಪುಟದಲ್ಲೇ ಬರೆದಿದ್ದ; ಆ ಪುಟವನ್ನೂ ಮುಚ್ಚಿದ್ದರು.

ಹಾಗಾದರೆ ಹೊನ್ನವ್ವನ ಮಾತು ಈಗ ಉಳಿದಿದ್ದೆಲ್ಲಿ?

ಭಾನುವಾರ ಮಧ್ಯಾಹ್ನ ಅಕ್ಕಿಆಲೂರು ದಾಟಿದ ತಿಳವಳ್ಳಿ ಬಸ್ಸಿನಲ್ಲಿ ಅವಳು ನೋಟುಬುಕ್ಕನ್ನು ಎದೆಗೊತ್ತಿಕೊಂಡು ಕುಳಿತಿದ್ದಳು.

ಚನ್ನೇಶ ಮನೆಯ ಮುಂದಿನ ಕಟ್ಟೆಯ ಮೇಲಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡವನು ಮೇಲೇಳಲಿಲ್ಲ.

"ತಪ್ಪು ಇನ್ನೂ ಉಳದಾವೇನ್ರಿ?"

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟಳು. ಚಪ್ಪಲಿ ಕಳಚಿ, ಪುಸ್ತಕ ತೆರೆದು, ನಿಂತಲ್ಲೇ ಓದಿದಳು.

"ಹೋಗಿ ಬಾ ನನ ಕೂಸ. ಬಿಸಲೈತಿ, ತಲಿ ಮ್ಯಾಲ ಸೆರಗು ಹೊತ್ಕೋ."

ಚನ್ನೇಶನ ಕೈ ಕಟ್ಟೆಯ ಅಂಚನ್ನು ಹಿಡಿಯಿತು.

"ಮೀನ ಸಿಗಲಿಲ್ಲಂದ್ರ ಬಿಡವಾ. ನೀ ಬಂದಿಯಲ್ಲ, ಸಾಕು."

ಅವನು ನಕ್ಕನೋ ಅತ್ತನೋ, ಅವನಿಗೇ ತಿಳಿಯಲಿಲ್ಲ. ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ತಾಯಿ, ಈ ಮಾತು ಹೇಳುವಾಗ ಎಷ್ಟು ನಕ್ಕಿದ್ದಳೆಂದು ತುಂಡು ತುಂಡಾಗಿ ಹೇಳಿದ. ಹೇಳುತ್ತಲೇ ಮುಖ ಮುಚ್ಚಿಕೊಂಡ. ಮಲ್ಲಿಕಾ ಅರವತ್ತನಾಲ್ಕು ಮಾತುಗಳನ್ನೂ ಓದಿದಳು. ಅವನು ಒಂದನ್ನೂ ತಡೆಯಲಿಲ್ಲ.

"ತಪ್ಪಂತ ಬರದಾಕಿ... ಇದನ್ನ್ಯಾಕ ಇಟ್ಕೊಂಡಿದ್ರಿ?"

"ಅಂಜಿ ಬರದೆ. ಇದನ್ನ ಮಾತ್ರ ಮನಸ್ಸಿಂದ ಬರದೆ." ಅವಳು ಒಂದು ಕ್ಷಣ ತಡೆದಳು. "ಬರದವರ ಮ್ಯಾಲೂ ಮನಸ್ಸಾತು. ಈಗ ಹೇಳಿದ್ರ ಏನು ಉಪಯೋಗ ಅಂತ ಗೊತ್ತಿಲ್ಲ."

ಆಟದೊಳಗಿನ ಅಜ್ಜಿ ಇನ್ನು ಎಂದೆಂದಿಗೂ ನಿರ್ಗಮಿಸಬಹುದು ಎನ್ನುತ್ತಲೇ ಇರುತ್ತಾಳೆ. ಅದನ್ನು ತಿದ್ದುವವರು ಯಾರೂ ಇಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ನೋಟುಬುಕ್ಕನ್ನು ಕಟ್ಟೆಯ ಮೇಲಿಟ್ಟು, ಕಣ್ಣೊರೆಸಿಕೊಂಡು ಅವಳು ಚಪ್ಪಲಿ ಮೆಟ್ಟಿದಳು.

"ಹೋಗಿ ಬರ್ತೇನ್ರಿ."

ಚನ್ನೇಶ ಪುಸ್ತಕವನ್ನು ತೊಡೆಯ ಮೇಲೆ ತೆಗೆದುಕೊಂಡು, ಪಕ್ಕದಲ್ಲಿ ಜಾಗ ಮಾಡಿದ.

"ಹೋಗಿ ಬಾ ಅನ್ನೂದು ಅವ್ವಗ ಬರ್ತಿತ್ತು, ಮಲ್ಲಿಕಾ. ನನಗ ಅಷ್ಟು ಧೈರ್ಯ ಇಲ್ಲ. ಇವತ್ತಿನ್ನೂ ಹೋಗಬ್ಯಾಡ. ಕುಂದ್ರು."

ಅವಳು ಚಪ್ಪಲಿ ಬಿಟ್ಟಳು.