ಗೆರೆ ಎಳೆದ ವಚನದ ಮೇಲಿನ ಸಾಲು

"ನಮ್ಮೆಜಮಾನ್ರಿಗೆ ಆರಡಿ ಮಣ್ಣು ಕೇಳಿದೆ ವಕೀಲಮ್ಮ. ಅದೂ ಇಲ್ಲ ಅಂದ್ರು."

ಬೈಂಡರನ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು ಇಷ್ಟು ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ಏನು ಮಾಡಬೇಕೆಂದು ಟಾನಿಕ್‌ಗೆ ಗೊತ್ತಿತ್ತು. ಕೆಳಗಿನ ಔಷಧಿ ಅಂಗಡಿ ಅವನದು. ಕೆಮ್ಮಿದವರಿಗೂ ಕೇಸು ಸೋತವರಿಗೂ ಸತ್ತವರ ಮನೆಯವರಿಗೂ ಒಂದೊಂದು ಬಾಟಲಿ ಟಾನಿಕ್ ಕೊಟ್ಟು ಕಳಿಸಿ ಕಳಿಸಿ ಆ ಹೆಸರೇ ಅವನಿಗೆ ಅಂಟಿಕೊಂಡಿತ್ತು. ಮಹಡಿಯ ಮೇಲಿದ್ದ ವಕೀಲಮ್ಮ ಕೋರ್ಟು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಪೊಲೀಸರಿಗೆ ಬಗೆಹರಿಯದ್ದು, ಬಗೆಹರಿದೂ ಮನಸ್ಸಿಗೆ ಒಪ್ಪದ್ದು, ಎಲ್ಲವೂ ಆ ಮೆಟ್ಟಿಲು ಹತ್ತಿಯೇ ಬರುತ್ತಿತ್ತು. ಅದರ ಬೆನ್ನಿಗೇ ಟಾನಿಕ್ ಅಂಗಡಿಗೆ ಬಾಗಿಲೆಳೆದು ಹತ್ತುತ್ತಿದ್ದ.

ಬೈಂಡರನ ಸುದ್ದಿ ಆಗಲೇ ಊರೆಲ್ಲ ಸುತ್ತಿತ್ತು. ಭಾನುವಾರ ಸಂಜೆ ಅವನ ಹೆಂಡತಿ ಮನೆಗೆ ಬಂದಾಗ ಗಂಡ ಮನೆಯ ಕೆಳಗಿನ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಕಾಗದದ ಕಟಿಂಗ್ ಮಷೀನಿಗೆ ಒರಗಿ ಸತ್ತಿದ್ದ. ಬಲಗೈ ಬ್ಲೇಡಿನ ಆಚೆ ಇತ್ತು, ಅವನು ಈಚೆ ಇದ್ದ. ಮೇಜಿನ ಮೇಲೆ ಬೈಬಲ್, ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ. ಪಾಪಕ್ಕೆ ಕಾರಣವಾದರೆ ಬಲಗೈಯನ್ನೇ ಕಡಿದು ಬಿಸಾಡು ಎನ್ನುವ ವಚನದ ಕೆಳಗೆ ಪೆನ್ಸಿಲಿನ ಗೆರೆ.

"ಓದಿದ್ದೇ ಮಾಡೋನು" ಎಂದು ಚರ್ಚಿನ ಸಭೆಯವರು ಬೈಂಡರನನ್ನು ಮೊದಲಿಂದಲೂ ಆಡಿಕೊಳ್ಳುತ್ತಿದ್ದರು. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ ಎಂದು ಓದಿದ ದಿನವೇ ಇನ್ನೊಂದು ಅಂಗಿಯನ್ನು ಬಸ್‌ಸ್ಟ್ಯಾಂಡಿನ ಮುದುಕನಿಗೆ ಕೊಟ್ಟು ಬಂದವನು ಅವನು. ಹೀಗಾಗಿ ಇದನ್ನೂ ಓದಿ ಮಾಡಿಕೊಂಡ ಎಂದು ನಂಬಲು ಯಾರಿಗೂ ಕಷ್ಟವಾಗಲಿಲ್ಲ. ಇನ್ಸ್‌ಪೆಕ್ಟರ್ ಆತ್ಮಹತ್ಯೆ ಎಂದು, ತಲೆಯ ಹಿಂದಿದ್ದ ಗಾಯ ಬಿದ್ದಾಗ ಆದದ್ದು ಎಂದು ಬರೆದುಕೊಂಡ. ಸಭೆಯ ಹಿರಿಯರು ಆತ್ಮಹತ್ಯೆ ಮಾಡಿಕೊಂಡವನಿಗೆ ಚರ್ಚಿನ ಸಮಾಧಿ ತೋಟದಲ್ಲಿ ಜಾಗವಿಲ್ಲ ಎಂದರು.

"ಶವಾಗಾರದವರು ನಾಡಿದ್ದರ ತನಕ ನೋಡ್ತಾರಂತೆ. ಆಮೇಲೆ ದಿಕ್ಕಿಲ್ಲದವರ ಜೊತೆ ಹಾಕಿಬಿಡ್ತಾರಂತೆ," ಎಂದಳು ಹೆಂಡತಿ. "ಹಿರಿಯರು ಮನೆಗೆ ಬಂದಿದ್ರು. ಡಬ್ಬಿಯಿಂದ ಒಂದು ಚೀಟಿ ತೆಗೆದು ಕೊಟ್ರು. ಎಲ್ಲಾ ಒಳ್ಳೇದಕ್ಕೇ ಅಂತ ಬರೆದಿತ್ತು."

ವಕೀಲಮ್ಮನ ಬಾಯಿಂದ ಕೋರ್ಟಿನಲ್ಲಿ ಆಡಬಾರದ ಮಾತೊಂದು ಬಂತು.

ಹಿರಿಯರೆಂದರೆ ಮರದ ಡಿಪೋದ ಯಜಮಾನರು. ಒಂದೊಂದು ವಚನ ಅಚ್ಚಾದ ಚೀಟಿಗಳ ತಗಡಿನ ಡಬ್ಬಿಯೊಂದು ಸದಾ ಅವರ ಜೇಬಿನಲ್ಲಿರುತ್ತಿತ್ತು. ಯಾರ ಕಷ್ಟಕ್ಕೂ ಅದರಿಂದ ಒಂದು ಚೀಟಿ ಎತ್ತಿ ಕೊಟ್ಟರೆ ಅವರ ಕೆಲಸ ಮುಗಿಯಿತು. ಜನ ಎದುರಿಗೆ ಹಿರಿಯರೇ ಅನ್ನುತ್ತಿದ್ದರು, ಹಿಂದಿನಿಂದ ಡಬ್ಬಿ ಹಿರಿಯರು ಅನ್ನುತ್ತಿದ್ದರು.

"ಭಾನುವಾರ ಬೆಳಗ್ಗೆಯಿಂದ ಹೇಳು," ಎಂದರು ವಕೀಲಮ್ಮ.

"ಕಾಣಿಕೆ ಹೊತ್ತಿಗೆ ಎದ್ದು ಮುಂದೆ ಹೋದ್ರು. ಕವರನ್ನ ತಟ್ಟೆಗೆ ಹಾಕಲಿಲ್ಲ. ವೇದಿ ಮೆಟ್ಟಿಲ ಮೇಲೆ ಇಟ್ಟು ಸೀದಾ ಹೊರಗೆ ನಡೆದ್ರು. ಎಲ್ಲಾ ನಕ್ಕರು. ನನಗೂ ನಾಚಿಕೆ ಆಯ್ತು ಅಮ್ಮ, ಹಿಂದೆ ಹೋಗಲಿಲ್ಲ. ತವರಿಗೆ ಹೋಗಿಬಿಟ್ಟೆ."

ಕೊನೆಯ ಮಾತಿಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಟಾನಿಕ್ ಬಾಟಲಿ ತರಲು ಎದ್ದ. ವಕೀಲಮ್ಮ ಕಣ್ಣಿನಲ್ಲೇ ಅವನನ್ನು ಕೂರಿಸಿದರು.

ಮೊದಲು ಚರ್ಚಿಗೆ ಹೋದರು. ಕವರು ಇನ್ನೂ ಮೆಟ್ಟಿಲ ಮೇಲೆಯೇ ಇತ್ತು. ಸತ್ತವನ ಕಾಣಿಕೆಯನ್ನು ಏನು ಮಾಡಬೇಕೋ ತಿಳಿಯದೆ ಪಾಸ್ಟರು ಅದರ ಸುತ್ತ ಮಾತ್ರ ಕಸ ಗುಡಿಸಲು ಹೇಳಿದ್ದರು.

"ಅದನ್ನ ಹಾಗೇ ಬಿಡಿ," ಎಂದರು ವಕೀಲಮ್ಮ. "ಇಟ್ಟವರು ವಾಪಸ್ ಬರೋರಿದ್ರು."

"ಸತ್ತವರು ಹೇಗಮ್ಮ ಬರ್ತಾರೆ?" ಎಂದರು ಪಾಸ್ಟರು.

"ಅದನ್ನೇ ನಾನೂ ಕೇಳ್ತಿರೋದು."

ಕಾರ್ಖಾನೆಯಲ್ಲಿ ಅಂಟಿನ ವಾಸನೆಯ ಜೊತೆ ಇನ್ನೊಂದು ವಾಸನೆಯೂ ಇತ್ತು. ಟಾನಿಕ್ ಕರವಸ್ತ್ರವನ್ನು ಮೂಗಿಗೆ ಹಿಡಿದ. ಮೇಜಿನ ಮೇಲಿದ್ದ ಬೈಬಲ್ ಬೈಂಡರನದಲ್ಲ, ಗಿರಾಕಿಯದು. ಹೊಸ ರಟ್ಟು ಹಾಕಿ ಒಣಗಲು ಇಟ್ಟಿದ್ದು. ಬೆನ್ನಿನ ಅಂಟು ಆರುವ ಮೊದಲೇ ಅಗಲವಾಗಿ ಬಿಚ್ಚಿದ್ದರಿಂದ ನಡುಮಧ್ಯೆ ಸೀಳಿ ಹೋಗಿತ್ತು. ಬೈಂಡರನ ಸ್ವಂತ ಬೈಬಲ್, ಹಾಳೆ ಮೆತ್ತಗಾದ ಹಳೇದು, ಹೆಣದ ಕೋಟಿನ ಜೇಬಿನಲ್ಲೇ ಸಿಕ್ಕಿತ್ತು. ಅದರ ಒಂದು ಹಾಳೆಯಲ್ಲೂ ಗೆರೆಯಿರಲಿಲ್ಲ.

"ಪುಸ್ತಕಕ್ಕೆ ಗೆರೆ ಎಳೆದ್ರೆ ಅವರಿಗೆ ಆಗ್ತಿರಲಿಲ್ಲ," ಎಂದಳು ಹೆಂಡತಿ.

"ಟಾನಿಕ್, ಆ ಮಷೀನ್ ಎಳಿ ನೋಡೋಣ."

ಟಾನಿಕ್ ಹಾಳೆಯ ಕಟ್ಟೊಂದನ್ನು ಬ್ಲೇಡಿನ ಕೆಳಗಿಟ್ಟು, ಬಲಬದಿಯ ಉದ್ದನೆಯ ಕಬ್ಬಿಣದ ಹಿಡಿಯನ್ನು ಎರಡೂ ಕೈಯಿಂದ ಎಳೆದ. ಜಗ್ಗಲಿಲ್ಲ. ಜೋತುಬಿದ್ದ. ಅಲುಗಲೂ ಇಲ್ಲ.

ಹೆಂಡತಿ ಬಗ್ಗಿ ಮೇಜಿನ ಕೆಳಗೆ ತೋರಿಸಿದಳು. "ಅಲ್ಲೊಂದು ಕೊಂಡಿ ಇದೆ, ಅಣ್ಣ. ಅದನ್ನ ಕಾಲಲ್ಲಿ ಒತ್ತಿದ್ರೆ ಮಾತ್ರ ಹಿಡಿ ಇಳಿಯುತ್ತೆ. ಈ ವರ್ಷ ನನ್ನ ಬೆರಳು ಹೋಗೋದು ಸ್ವಲ್ಪದರಲ್ಲಿ ತಪ್ಪಿತು, ಆಗ ಅವರೇ ಕೂರಿಸಿದ್ರು. ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ಕೊಂಡಿ ಒತ್ತಿದರೂ ಟಾನಿಕ್ ಎರಡು ಕೈ ಹಾಕಿಯೇ ಹಿಡಿ ಇಳಿಸಬೇಕಾಯಿತು. ಒಂದೇ ಕೈಯಲ್ಲಿ ಆಗಲಿಲ್ಲ. ಬೈಂಡರನೋ ಟಾನಿಕ್‌ನ ಅರ್ಧದಷ್ಟೂ ಇಲ್ಲದ ಕಡ್ಡಿ ಮನುಷ್ಯ. ಇಷ್ಟು ಹೊತ್ತು ತಮಾಷೆಯಂತಿದ್ದ ಕೆಲಸ ಟಾನಿಕ್‌ಗೆ ಒಮ್ಮೆಲೇ ಅಸಹ್ಯವಾಯಿತು. ಯಾರೋ ಒಬ್ಬರು ಈ ಹಿಡಿಯನ್ನು ಹಿಡಿದು ಎಳೆದಿದ್ದಾರೆ, ಕೆಳಗೆ ಕಾಗದವಿರಲಿಲ್ಲ.

"ಈ ಮಷೀನ್ ಯಾವಾಗ ಬಂತು?" ವಕೀಲಮ್ಮ ಕೇಳಿದರು.

"ಮೈದುನನ ಕೇಸು ಮುಗಿದ ವರ್ಷ. ಹಿರಿಯರು ಕೊಡಿಸಿದ್ರು. ಒಡಹುಟ್ಟಿದವನು ಅಂತ ನೋಡದೆ ಸತ್ಯ ಹೇಳಿದ್ರು ಅಂತ ಮೆಚ್ಚಿ."

ಆ ಕೇಸೂ ಊರಿಗೆ ಗೊತ್ತಿದ್ದದ್ದೇ. ಹಿರಿಯರ ಡಿಪೋದ ಲಾರಿ ಒಂದು ಮಗುವಿನ ಮೇಲೆ ಹರಿದಿತ್ತು. ಓಡಿಸುತ್ತಿದ್ದವನು ನನ್ನ ತಮ್ಮ, ನಾನೇ ಕಣ್ಣಾರೆ ಕಂಡೆ ಎಂದು ಬೈಂಡರನೇ ಸಾಕ್ಷಿ ಹೇಳಿದ್ದ. ತಮ್ಮ ಜೈಲು ಸೇರಿದ. ಅವನು ಒಳಗಿದ್ದಾಗ ಅವನ ಹೆಂಡತಿ ತನ್ನ ಮಗುವನ್ನು ಕರೆದುಕೊಂಡು ಎಲ್ಲಿಗೋ ಹೊರಟುಹೋದಳು. ಈಗ ಅವನು ಬಟ್ಟೆ ಒಗೆಯುವ ಕಾರ್ಖಾನೆಯೊಂದರ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದ.

ಬಾಯ್ಲರಿನ ಹಿಂದಿನ ಗಲ್ಲಿಯ ಮನೆಗೆ ಹೋದಾಗ ಬೈಂಡರನ ತಮ್ಮ ಬಾಗಿಲನ್ನು ಅರ್ಧ ಮಾತ್ರ ತೆರೆದ. ಒಳಗೆ ರೇಡಿಯೋ ಹಾಡುತ್ತಿತ್ತು.

"ಬಂದಿದ್ದ. ಭಾನುವಾರ ಮಧ್ಯಾಹ್ನ. ಮುಖದ ಮೇಲೆ ಬಾಗಿಲು ಹಾಕ್ದೆ. ಇನ್ನೊಂದ್ಸಲ ಬಂದಿದ್ರೂ ಹಾಕ್ತಿದ್ದೆ."

"ಏನೂ ಹೇಳಲಿಲ್ವಾ?"

"ಹೊರಗಿಂದ ಕೂಗ್ದ. ಸಂಜೆ ಇಬ್ಬರೂ ಬರ್ತೀವಿ ಅಂದ. ಹೆಂಡತೀನ ಕರ್ಕೊಂಡು ಬಂದು ಕಣ್ಣೀರು ಹಾಕಿಸ್ತಾನೆ ಅಂದ್ಕೊಂಡೆ. ರೇಡಿಯೋ ಜೋರು ಮಾಡ್ದೆ."

ವಾಪಸ್ ಬರುವಾಗ ಟಾನಿಕ್‌ಗೆ ತಡೆಯಲಾಗಲಿಲ್ಲ. "ಇವನೇ ಅಂತೀನಿ ನಾನು. ಹೊಟ್ಟೆಯಲ್ಲಿ ಅಷ್ಟು ಬೆಂಕಿ ಇಟ್ಕೊಂಡಿದಾನೆ."

"ಬೆಂಕಿ ಇರೋದು ನಿಜ," ಎಂದರು ವಕೀಲಮ್ಮ. "ಆದ್ರೆ ಹೆಂಡತಿ ತವರಿನಲ್ಲಿದ್ಲು. ಹಾಗಾದ್ರೆ ಇಬ್ಬರೂ ಅಂದ್ರೆ ಯಾರು? ಮನೆಗೆ ಹೋಗಿ ಮತ್ತಾಯನನ್ನ ಓದು. ಚೀಟಿ ಓದಿದ ಹಾಗೆ ಓದಬೇಡ, ಮೇಲಿಂದ ಕೆಳಗೆ ಓದು."

ಟಾನಿಕ್ ಓದಿದ, ಆದರೆ ಅರ್ಧಕ್ಕೇ ನಿದ್ದೆ ಹೋದ.

ಮರುದಿನ ಬೆಳಗ್ಗೆ ಎಲ್ಲರೂ ಕಾರ್ಖಾನೆಯಲ್ಲಿ ಸೇರಿದರು. ಪಾಸ್ಟರು, ಹಿರಿಯರು, ಇನ್ಸ್‌ಪೆಕ್ಟರ್, ಬೈಂಡರನ ಹೆಂಡತಿ. ಬೈಂಡರನ ತಮ್ಮ ಬಾಗಿಲ ಬಳಿಯೇ ನಿಂತ, ಒಳಗೆ ಬಾ ಎಂದರೂ ಬರಲಿಲ್ಲ.

"ಒಬ್ಬನೇ ಮನುಷ್ಯ ಇದನ್ನ ಮಾಡ್ಕೊಳ್ಳೋಕಾಗುತ್ತಾ ಅನ್ನೋದೊಂದೇ ನನ್ನ ಅನುಮಾನ," ಎಂದರು ವಕೀಲಮ್ಮ. "ಒಂದು ಕೈಯಲ್ಲಿ ಹಿಡಿ ಇಳಿಸಿ ತೋರಿಸಿ, ನಾನು ಬಾಯಿ ಮುಚ್ಕೊಂಡು ಹೋಗ್ತೀನಿ."

ಇನ್ಸ್‌ಪೆಕ್ಟರ್ ಅಂಗಿಯ ತೋಳು ಮಡಿಸಿ ಎಡಗೈಯಿಂದ ಎಳೆದ, ಹಿಡಿ ಬರಲಿಲ್ಲ. ಪಾಸ್ಟರು ಎಳೆದರು, ಬರಲಿಲ್ಲ. ತಮ್ಮ ಬಾಗಿಲಿನಿಂದ ಬಂದು, ಬಾಯ್ಲರಿನ ಮುಂದೆ ಬೆಂದ ತೋಳಿನಿಂದ ಬುಸುಗುಡುತ್ತಾ ಎಳೆದ. ಅಲುಗಲಿಲ್ಲ.

"ಇದೇನು ಆಟ!" ಎಂದರು ಹಿರಿಯರು. "ಮಷೀನ್ ಕೊಡಿಸಿದೋನು ನಾನು. ಕೊಡಿಸಿದ ದಿನದಿಂದ ಈ ಕಡೆ ತಲೆ ಹಾಕಿಲ್ಲ, ಆದ್ರೂ ಹೇಳ್ತೀನಿ, ಮನಸ್ಸು ಮಾಡಿದ್ರೆ ಆಗುತ್ತೆ. ಪಕ್ಕಕ್ಕೆ ಸರೀರಿ."

ದಿಮ್ಮಿ ಎತ್ತಿ ಬೆಳೆದ ಮೈ. ಎಡಗೈ ಚಾಚಿ ಎಳೆದರು. ಹಿಡಿ ಕೆಳಗಿಳಿಯಿತು. ಬ್ಲೇಡು ಖಚಕ್ಕನೆ ಕಾಗದವನ್ನು ಕತ್ತರಿಸಿತು.

"ನೋಡಿದ್ರಾ?" ಎಂದು ತಿರುಗಿದರು ಹಿರಿಯರು. ಯಾರೂ ಅವರ ಮುಖ ನೋಡುತ್ತಿರಲಿಲ್ಲ. ಬೈಂಡರನ ಹೆಂಡತಿ ಅವರ ಬಲಗಾಲನ್ನೇ ನೋಡುತ್ತಿದ್ದಳು. ಅದು ಮೇಜಿನ ಕೆಳಗಿನ ಕೊಂಡಿಯ ಮೇಲಿತ್ತು.

"ಬಲ ನಿಮ್ಮದೇ, ಹಿರಿಯರೇ," ಎಂದರು ವಕೀಲಮ್ಮ. "ಆದ್ರೆ ಆ ಕೊಂಡಿ ಕೂರಿಸಿದ್ದು ಈ ವರ್ಷ. ತಲೆ ಹಾಕದವರ ಕಾಲು ಅದನ್ನ ಹೇಗೆ ಹುಡುಕಿತು? ಭಾನುವಾರ ನಿಮಗೂ ಹಿಡಿ ಮೊದಲು ಬರಲಿಲ್ಲ ಅಲ್ವಾ? ಬಗ್ಗಿ ಹುಡುಕಿದ್ರಿ."

ಹಿರಿಯರು ಕಾಲು ಎಳೆದುಕೊಂಡರು. ಅಷ್ಟು ಹೊತ್ತಿಗೆ ಇನ್ಸ್‌ಪೆಕ್ಟರ್ ಬಾಗಿಲಿಗೆ ಅಡ್ಡ ನಿಂತಿದ್ದ.

"ಈಗ ಪೂರ್ತಿ ಹೇಳ್ತೀನಿ," ಎಂದು ವಕೀಲಮ್ಮ ಮುಂದುವರಿಸಿದರು. "ಬೈಂಡರ್ ಓದಿದ್ದೇ ಮಾಡೋನು. ಹಾಗಾಗಿ ಅವನ ಹೆಜ್ಜೆ ಹುಡುಕೋಕೆ ಅವನು ಓದಿದ್ದನ್ನ ಓದಿದ್ರೆ ಸಾಕು. ಗೆರೆ ಎಳೆದ ವಚನ ಬಿಡಿ, ಅದೇ ಪುಟದಲ್ಲಿ ಕಣ್ಣು ಸ್ವಲ್ಪ ಮೇಲೆ ಎತ್ತಿ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಅಂತ ನೆನಪಾದ್ರೆ, ಅದನ್ನ ವೇದಿ ಮುಂದೆಯೇ ಬಿಟ್ಟು ಹೋಗು, ಮೊದಲು ಅವನ ಜೊತೆ ರಾಜಿಯಾಗು, ಆಮೇಲೆ ಬಂದು ಕೊಡು ಅಂತಿದೆ. ಆಮೇಲೆ ಬಂದು! ವಾಪಸ್ ಬರೋ ಯೋಚನೆ ಇದ್ದೋನು ಸಾಯೋಕೆ ಹೋಗ್ತಾನಾ? ಹೋಗಿದ್ದು ತಮ್ಮನ ಮನೆಗೆ. ತಮ್ಮನಿಗೆ ಬೇಸರ ಯಾಕೆ? ಸಾಕ್ಷಿಯಿಂದ. ನಿಜವಾದ ಸಾಕ್ಷಿ ಹೇಳಿದೋನು ಕಾಣಿಕೆ ಬಿಟ್ಟು ಎದ್ದು ಓಡಬೇಕಾಗಿರಲಿಲ್ಲ. ಅಂದ್ರೆ ಸಾಕ್ಷಿ ಸುಳ್ಳು. ಲಾರಿ ಓಡಿಸಿದ್ದು ಇನ್ಯಾರೋ. ಆ ವರ್ಷವೇ ಮಷೀನ್ ಕೊಡಿಸಿದ್ದು ಯಾರು ಅಂತ ನಿಮಗೆಲ್ಲಾ ಗೊತ್ತು."

ತಮ್ಮ ಗೋಡೆಗೆ ಒರಗಿದ. 

"ಅಲ್ಲಿಗೇ ಸೀದಾ ಪೊಲೀಸರ ಹತ್ರ ಹೋಗಿದ್ರೆ ಬದುಕ್ತಿದ್ದ. ಆದ್ರೆ ಅದೇ ಮತ್ತಾಯ ಮುಂದೆ ಇನ್ನೊಂದು ಹೇಳ್ತಾನೆ. ತಪ್ಪು ಮಾಡಿದ ಸಹೋದರನನ್ನ ಮೊದಲು ನೀನೊಬ್ಬನೇ ಕಂಡು ಹೇಳು ಅಂತ. ಸಭೆಯ ಸಹೋದರ ಅಂದ್ರೆ ನೀವು, ಹಿರಿಯರೇ. ಒಬ್ಬನೇ ನಿಮ್ಮ ಹತ್ರ ಬಂದು ಹೇಳ್ದ. ನಾವಿಬ್ಬರೂ ಸಂಜೆ ತಮ್ಮನ ಹತ್ರ ಹೋಗೋಣ ಅಂತ ಕರೆದ. ನೀವು ಅವನ ಜೊತೆ ಇಲ್ಲಿಗೆ ಬಂದ್ರಿ, ಹಿಂದಿನಿಂದ ತಲೆಗೆ ಹೊಡೆದ್ರಿ. ಆ ಗಾಯ ಬಿದ್ದು ಆಗಿದ್ದಲ್ಲ, ಇನ್ಸ್‌ಪೆಕ್ಟರೇ. ಆಮೇಲೆ ಒಂದು ಬೈಬಲ್ ಬೇಕಾಯ್ತು, ಕೈಗೆ ಸಿಕ್ಕಿದ್ದು ಅಂಟು ಆರದ ಪುಸ್ತಕ. ಯಾವ ಬೈಂಡರೂ ಅದನ್ನ ಹಾಗೆ ಸೀಳಲ್ಲ. ನಿಮಗೆ ಗೊತ್ತಿದ್ದ ಒಂದು ವಚನಕ್ಕೆ ಗೆರೆ ಎಳೆದ್ರಿ. ಜೀವನವಿಡೀ ಚೀಟಿ ಓದಿದವರು ನೀವು, ಮೇಲಿನ ಸಾಲು ಓದಲಿಲ್ಲ. ಕೊಲೆಗೆ ಕಾರಣವನ್ನ ನೀವೇ ಬಿಚ್ಚಿಟ್ಟು ಹೋದ್ರಿ."

"ನನ್ನನ್ನೂ ಎಳೀತಿದ್ದ!" ಹಿರಿಯರು ಕಿರುಚಿದರು. "ಸಾಯೋದಿದ್ರೆ ಒಬ್ಬನೇ ಸಾಯಬೇಕಿತ್ತು. ನನಗೆ ಹೆಣ್ಣುಮಕ್ಕಳಿದಾರೆ, ಸಭೆ ಇದೆ..."

"ಸತ್ತ ಮಗುವಿಗೂ ತಾಯಿ ಇದ್ಲು," ಎಂದರು ವಕೀಲಮ್ಮ. ಇನ್ಸ್‌ಪೆಕ್ಟರ್ ಹಿರಿಯರ ತೋಳು ಹಿಡಿದುಕೊಂಡ. ಎಳೆದಾಟದಲ್ಲಿ ಡಬ್ಬಿ ಜೇಬಿನಿಂದ ಬಿದ್ದು ಚೀಟಿಗಳು ನೆಲದ ಕಲೆಯ ಮೇಲೆಲ್ಲ ಹರಡಿದವು. ಯಾರೂ ಹೆಕ್ಕಲಿಲ್ಲ.

ಪಾಸ್ಟರು ತಲೆ ತಗ್ಗಿಸಿ ಹೆಂಡತಿಯ ಹತ್ತಿರ ಬಂದರು. "ನಾಳೆ ಬೆಳಗ್ಗೆ ಸಮಾಧಿ ಮಾಡೋಣ, ಅಕ್ಕ. ಚರ್ಚಿನ ತೋಟದಲ್ಲೇ."

ಅವಳು ಮಷೀನನ್ನೇ ನೋಡುತ್ತಿದ್ದಳು. "ಇಷ್ಟು ವರ್ಷ ನಾವು ಉಂಡಿದ್ದು ಇದರಿಂದ," ಎಂದಳು. "ಮೈದುನನ ಜೈಲನ್ನ ಉಂಡಿದ್ದೀವಿ. ಆರಡಿ ಮಣ್ಣು ಕೇಳೋಕೆ ಬಂದೆ ವಕೀಲಮ್ಮ, ನೀವು ಕೊಡಿಸಿದ್ರಿ. ಆದ್ರೆ ಅದರೊಳಗೆ ಮಲಗಿಸೋಕೆ ನನಗೆ ಗೊತ್ತಿದ್ದ ಗಂಡ ಇಲ್ಲ."

ವಕೀಲಮ್ಮ ಅವಳ ಪಕ್ಕಕ್ಕೆ ಬಂದು ನಿಂತರು.  ತಮ್ಮ ಯಾವಾಗ ಹೊರಟುಹೋದನೋ ಯಾರಿಗೂ ತಿಳಿಯಲಿಲ್ಲ.

ಸಮಾಧಿಗೆ ಅವನು ಬರಲಿಲ್ಲ. ಮಣ್ಣು ಹಾಕಿ ಮುಗಿದ ಮೇಲೆ ಪಾಸ್ಟರು ಮೆಟ್ಟಿಲ ಮೇಲಿನ ಕವರನ್ನು ಎತ್ತಲು ಹೋದಾಗ ಹೆಂಡತಿ ತಡೆದಳು.

"ಅದು ಇನ್ನೂ ಕೊಡೋ ಹಾಗಿಲ್ಲ ಅಯ್ಯ. ಮೊದಲನೇ ಕೆಲಸ ಬಾಕಿ ಇದೆ."

ಅವಳು ಕಪ್ಪು ಬಟ್ಟೆಯಲ್ಲೇ ಬಾಯ್ಲರಿನ ಹಿಂದಿನ ಗಲ್ಲಿಗೆ ನಡೆದಳು. ಟಾನಿಕ್ ಹಿಂದೆ ಹೋದ. ಜೇಬಿನಲ್ಲಿ ಬಾಟಲಿಯಿತ್ತು, ತೆಗೆಯಲು ಕೈ ಬರಲಿಲ್ಲ.

ಅವಳು ಬಾಗಿಲು ತಟ್ಟಿದಳು. "ಮೈದುನ, ನಾನು. ಅವರ ಬದಲಿಗೆ ಬಂದಿದ್ದೀನಿ."

ಒಳಗೆ ಕಾಲಿನ ಸಪ್ಪಳ ಬಾಗಿಲ ತನಕ ಬಂತು, ನಿಂತಿತು.  ಸಪ್ಪಳ ಹಿಂದಕ್ಕೆ ಹೋಯಿತು. ಆಮೇಲೆ ರೇಡಿಯೋ ಜೋರಾಯಿತು.

ಅವಳು ಸೆರಗನ್ನು ಮಡಿಲಿಗೆ ಎಳೆದುಕೊಂಡು ಹೊಸ್ತಿಲ ಹೊರಗೆ ಕೂತಳು.