ಹಾಡಿದವಳು, ನುಡಿಸಿದವನು

"ಮೌನಿ ಹೊರಟ ಕಣೇ ತಂಗಿ," ಎಂದ ಡ್ರಮ್ಮರ್ ಅಣ್ಣ ಫೋನಿನಲ್ಲಿ. "ಪ್ರವಾಸಿ ಹಡಗಿನ ಬ್ಯಾಂಡ್ ಸೇರ್ಕೊಂಡಿದಾನೆ. ಇವತ್ತು ಸಂಜೆ ವ್ಯಾನ್ ಬರುತ್ತಂತೆ. ನಿಂಗೆ ಹೇಳ್ಬೇಡ ಅಂದ. ನನ್ನ ಬಾಯಲ್ಲಿ ಗುಟ್ಟು ನಿಲ್ಲಲ್ಲ ಅಂತ ಗೊತ್ತಿದ್ದೂ ನನ್ನ ಹತ್ರಾನೇ ಬಂದು ಹೇಳಿದಾನೆ, ನೋಡು."

ಗಾಯಕಿ ಕೂತಲ್ಲಿಂದ ಎದ್ದು ನಿಂತಳು. ಮೌನಿ ಎಂದರೆ ಅವಳ ಗಿಟಾರಿಸ್ಟು. ಎಲ್ಲರಿಗೂ ಅವನು ಅವಳ ಹಿಂದೆ ನಿಂತು ನುಡಿಸುವವರಲ್ಲಿ ಒಬ್ಬ. ಅವಳಿಗೆ ಮಾತ್ರ ಅವನು ಯಾರೆಂದು ಈಚೆಗಷ್ಟೇ ಇತ್ಯರ್ಥವಾಗಿತ್ತು. ಆಗಿತ್ತು ಎಂದುಕೊಂಡಿದ್ದಳು, ಪಾಪ.

"ಯಾಕಣ್ಣಾ?"

"ಯಾಕೆ ಅಂತ ನನ್ನ ಕೇಳ್ತೀಯಾ? ನಿನ್ನ ಹೊಸ ಹಾಡಿನ ಪುಟ ತೆಗೆದು ನೋಡು."

ಯಾವ ಹಾಡನ್ನು ಯಾರು ಹಾಡಿದರು, ಯಾರು ನುಡಿಸಿದರು ಎಂದು ದಾಖಲಿಸಿಡುವ ದೊಡ್ಡ ಜಾಲತಾಣವದು. ರೇಡಿಯೊದವರೂ ಪ್ರಶಸ್ತಿಯವರೂ ನಂಬುವುದು ಅದನ್ನೇ. ಪುಟ ತೆರೆಯಿತು. ಮೇಲೆ ಅವಳ ಹೆಸರು, ಕೆಳಗೆ ಹಾಡಿನ ಹೆಸರು, ಮುಗಿಯಿತು. ಮೌನಿ ಎಲ್ಲೂ ಇರಲಿಲ್ಲ.

ಇದು ಸಾಮಾನ್ಯ ತಪ್ಪಾಗಿದ್ದರೆ ಒಂದು ಸಾರಿ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಹಾಡು ರೆಕಾರ್ಡ್ ಆದ ದಿನ, ಸ್ಟುಡಿಯೋದಲ್ಲಿ ಎಲ್ಲರೂ ಹೋದಮೇಲೆ, ಕೇಬಲ್ ಸುತ್ತುತ್ತಾ ತಲೆ ಎತ್ತದೆಯೇ ಅವನು ಹೇಳಿದ್ದ:

"ನಿನ್ನ ಮದ್ವೆ ಆಗ್ಬೇಕು ಅಂತ ಆಸೆ ನಂಗೆ. ಈಗ್ಲೇ ಏನೂ ಹೇಳ್ಬೇಡ. ಒಪ್ಪಿಗೆ ಇದ್ರೆ ಈ ಹಾಡಿನ ಪುಟದಲ್ಲಿ ನಿನ್ನ ಹೆಸರಿನ ಜೊತೆ ನನ್ನ ಹೆಸರು ಹಾಕು. ಇಲ್ದಿದ್ರೆ ಬಿಟ್ಬಿಡು. ನಾನು ಮತ್ತೆ ಆ ಮಾತು ಎತ್ತಲ್ಲ."

ಅವನ ಕಿವಿಗಳು ಕೆಂಪಗಾಗಿದ್ದವು.

"ಕಿವಿಗೇನಾಯ್ತು?" ಎಂದು ಅವಳು ತುಂಟತನದಿಂದ ಬಗ್ಗಿ ನೋಡಿದ್ದಳು.

"ಹೆಡ್‌ಫೋನ್ ಬಿಗಿ."

ಹೆಡ್‌ಫೋನು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅವಳು ನಕ್ಕಳು, ಅವನೂ ನಕ್ಕ. ಮುಖ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಮನೆಗೆ ಹೋದವಳೇ ಅವಳು ಫಾರ್ಮ್ ತುಂಬಿದ್ದಳು. ವರ್ಷಗಳಿಂದ ತುಂಬುತ್ತಿದ್ದ ಹಾಗೆಯೇ: ಮುಖ್ಯ ಕಲಾವಿದೆ, ತಾನು. ಜೊತೆಗಾರರು, ಎಲ್ಲರಿಗಿಂತ ಮೊದಲು ಅವನು. ತುಂಬಿದ ಮೇಲೆ ಪುಟ ತೆರೆದು ನೋಡುವ ರೂಢಿ ಅವಳಿಗೆ ಎಂದೂ ಇರಲಿಲ್ಲ. ಆಮೇಲೆ ಅವನೇ ಬಂದು ಮಾತಾಡಿಸಲಿ ಎಂದು ಕಾದಳು. ಅವನು ಪ್ರಾಕ್ಟೀಸಿಗೆ ಬಂದರೂ ತಲೆ ತಗ್ಗಿಸಿ ನುಡಿಸಿ ಹೋಗುತ್ತಿದ್ದ. ಕೇಳಿದವನೇ ಹಿಂದೆಗೆದ ಎಂದುಕೊಂಡು ಇವಳೂ ಬಿಗುಮಾನದಿಂದ ಸುಮ್ಮನಾದಳು. ಹೀಗೆ ಇಬ್ಬರೂ ಜಾಣರು ಸೇರಿ ಬದುಕನ್ನು ಹಾಳು ಮಾಡಿಕೊಳ್ಳುವ ಹಂತಕ್ಕೆ ತಂದಿಟ್ಟಿದ್ದರು.

ಅವನ ಫೋನು ಸ್ವಿಚ್ ಆಫ್. ಅವಳು ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಲಾಂಡ್ರಿ ಅಂಗಡಿಯ ಮೇಲಿನ ಕೋಣೆ. ಬಾಗಿಲು ತೆರೆದೇ ಇತ್ತು. ಹಾಸಿಗೆ ಸುತ್ತಿಟ್ಟಾಗಿತ್ತು, ಗಿಟಾರು ಪೆಟ್ಟಿಗೆ ಸೇರಿತ್ತು. ಅವನು ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ನಾನು ಹಾಕಿದೀನಿ ಕಣೋ!" ಅವಳು ಏದುಸಿರು ಬಿಡುತ್ತಿದ್ದಳು. "ನಿನ್ನ ಹೆಸರು ಹಾಕಿದೀನಿ!"

"ಪುಟ ನಾನೂ ನೋಡಿದೀನಿ. ದಿನಾ ನೋಡಿದೀನಿ. ಬಿಡು, ಬೇಜಾರಿಲ್ಲ."

ಬೇಜಾರಿಲ್ಲ ಎಂದವನ ಕಣ್ಣು ಕೆಂಡದ ಹಾಗಿತ್ತು. ಅವಳು ಫೋನಿನಲ್ಲಿ ಅಲ್ಲಿ ಇಲ್ಲಿ ಒತ್ತಿದಳು. ಪುಟದ ತೀರಾ ಕೆಳಗೆ, ಧೂಳಿನ ಕಣದಂಥ ಒಂದು ಬಾಣದ ಗುರುತು. ಅದನ್ನು ಮುಟ್ಟಿದ ಮೇಲೆ ಮಡಚಿಕೊಂಡಿದ್ದ ಹೆಸರುಗಳು ಬಿಚ್ಚಿಕೊಂಡವು. ಒಬ್ಬರದೇ ಹೆಸರಿನ ಸೋಲೋ ಹಾಡು ಎಂದರೆ ಜೊತೆಗಾರರನ್ನು ಮಡಚಿಡುತ್ತಾರೆಂದು ಅವಳಿಗೆ ಗೊತ್ತಾದದ್ದು ಆ ಗಳಿಗೆಯಲ್ಲೇ.

ಅವನು ಓದಿದ. ಆಮೇಲೆ ಮೆಲ್ಲಗೆ ಹೇಳಿದ: "ಡ್ರಮ್ಮರ್ ಅಣ್ಣನ ಹೆಸರೂ ಇದೆಯಲ್ಲ. ಅವನ್ನೂ ಮದ್ವೆ ಆಗ್ತೀಯಾ?"

"ತಮಾಷೆ ಮಾಡ್ಬೇಡ!"

"ತಮಾಷೆ ಅಲ್ಲ. ನೀನು ಎಲ್ಲಾರಿಗೂ ಹಾಕೋ ಹಾಗೆ ನಂಗೂ ಹಾಕಿದೀಯ. ಈಗ ನಾನು ಹೊರಟೆ ಅಂತ ಅಯ್ಯೋ ಅನ್ಸಿದೆ. ಕನಿಕರ ಬೇಡ ನಂಗೆ."

ಅವಳಿಗೆ ಕಿರುಚಬೇಕೆನಿಸಿತು. ಹೇಗೆ ಹೇಳಿದರೆ ಈ ಮೊಂಡನ ತಲೆಗೆ ಹೋಗುತ್ತದೆ? ಅವಳು ಜಾಲತಾಣದ ಸಂಪಾದಕಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಗಿಟಾರಿಸ್ಟನನ್ನೂ ಮುಖ್ಯ ಕಲಾವಿದನೆಂದು ತನ್ನ ಪಕ್ಕದಲ್ಲೇ ಹಾಕಬೇಕು, ಈಗಲೇ ಎಂದಳು.

"ಹಾಕ್ಬೋದು ಮೇಡಂ," ಸಂಪಾದಕಿ ತಡವರಿಸಿದಳು. "ಆದ್ರೆ ಆಗ ಅದು ಸೋಲೋ ಹಾಡಾಗಲ್ಲ. ಸೋಲೋ ಪ್ರಶಸ್ತಿಯ ಕೊನೇ ಸುತ್ತಲ್ಲಿದೆ ನಿಮ್ಮ ಹಾಡು. ಅಲ್ಲಿಂದ ತಾನಾಗೇ ಬಿದ್ದುಹೋಗುತ್ತೆ. ಮತ್ತೆ ಸೇರ್ಸೋಕೆ ಆಗಲ್ಲ."

ಆ ಪ್ರಶಸ್ತಿಗಾಗಿ ಅವಳು ಮದುವೆಮನೆಗಳಲ್ಲಿ, ಹೋಟೆಲ್ ಮೂಲೆಗಳಲ್ಲಿ, ಊಟದ ತಟ್ಟೆಗಳ ಸದ್ದಿನ ನಡುವೆ ಗಂಟಲು ಹರಿದುಕೊಂಡಿದ್ದಳು. ಮೌನಿಗೆ ಅದೆಲ್ಲ ಗೊತ್ತಿತ್ತು. ಅಷ್ಟೂ ದಿನ ಹಿಂದೆ ನಿಂತು ನುಡಿಸಿದವನು ಅವನೇ ತಾನೇ. ಅವನ ಮುಖ ಬಿಳಿಚಿಕೊಂಡಿತು.

"ಬೇಡ! ನಂಬಿದೆ ಕಣೇ, ನಂಬಿದೆ! ಫೋನ್ ಇಡು!"

ಅವನು ಫೋನಿಗೆ ಕೈ ಹಾಕಿದ. ಅವಳು ಗೋಡೆಗೆ ಒತ್ತಿಕೊಂಡು ನಿಂತಳು.

"ಮಾಡ್ಲಾ, ಬೇಡ್ವಾ ಮೇಡಂ?"

"ಮಾಡಿ," ಎಂದಳು. ಕಣ್ಣು ಅವನ ಕಣ್ಣಲ್ಲೇ ಇತ್ತು. "ನಿನ್ನ ನಂಬ್ಸೋಕಲ್ಲ ಕಣೋ. ಆ ರಾಗ ನಿನ್ನದು. ನೀನು ನುಡಿಸ್ದೆ ಇದ್ದಿದ್ರೆ ನಾನೇನು ಹಾಡ್ತಿದ್ದೆ? ನಾನೊಬ್ಬಳೇ ಮಾಡಿದ್ದು ಅಂತ ಹೇಳ್ಕೊಂಡು ಆ ಪ್ರಶಸ್ತಿ ತಂದು ಯಾರಿಗೆ ತೋರಿಸ್ಲಿ?"

ಆ ಕಡೆ ಕೀಲಿಮಣೆಯ ಟಕಟಕ. "ಆಯ್ತು ಮೇಡಂ," ಎಂಬ ಸಣ್ಣ ದನಿ.

ಅವನು ಸೂಟ್‌ಕೇಸಿನ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಎದುರಿಗೆ ಕೂತು ಆ ಕೈಗಳನ್ನು ಒಂದೊಂದಾಗಿ ತೆಗೆದಳು. ಬೆರಳ ತುದಿಗಳು ತಂತಿ ಮೀಟಿ ಮೀಟಿ ಗಡುಸಾಗಿದ್ದವು. ಅವನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಬಾಯಿಬಿಟ್ಟು ಒಂದ್ಸಲ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀನು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕೆಳಗೆ ಹಾರ್ನ್ ಕೇಳಿಸಿತು.

"ಹೋಗ್ಬೇಡ," ಎಂದಳು ಅವಳು. ನಾಚಿಕೆ, ಬಿಗುಮಾನ ಎಲ್ಲ ಬಿಟ್ಟು ಹೇಳಿದಳು. "ಹೋಗ್ಬೇಡ ಕಣೋ. ನೀನಿಲ್ದೆ ನಂಗಾಗಲ್ಲ."

"ಸಹಿ ಹಾಕಿದೀನಿ. ನಾನು ಹೋಗ್ದಿದ್ರೆ ನನ್ನ ನಂಬ್ಕೊಂಡಿರೋ ಆ ಬ್ಯಾಂಡೇ ಹಡಗಿಂದ ಇಳೀಬೇಕಾಗುತ್ತೆ." ಅವನು ಅವಳ ಕೈ ಹಿಡಿದುಕೊಂಡ. "ಒಂದು ವರ್ಷ. ಕಾಯ್ತೀಯಾ?"

 ಅವಳು ಹೂಂ ಎಂದು ತಲೆಯಾಡಿಸಿದಳು.

ಭಾರದ ಸೂಟ್‌ಕೇಸನ್ನು ಇಬ್ಬರೂ ಹಿಡಿದು ಮೆಟ್ಟಿಲಿಳಿದರು. ವ್ಯಾನಿನ ಬಳಿ ಅವನು ಅವಳನ್ನು ಅಪ್ಪಿಕೊಂಡವನು ಬಿಡಲೇ ಇಲ್ಲ. ಡ್ರೈವರು ಗಡಿಯಾರ ನೋಡಿದ, ಆಕಾಶ ನೋಡಿದ, ಕೊನೆಗೆ, "ಬೇಗ ಅತ್ತು ಮುಗ್ಸಿ ಸಾರ್, ಮುಂದೆ ಟ್ರಾಫಿಕ್ ಇದೆ," ಎಂದ.

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಅವಳು ನಿಂತೇ ಇದ್ದಳು. ಫೋನು ಹೊಡೆದುಕೊಂಡಿತು. ಅವಳ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುವ ಸೋದರಮಾವ.

"ಪುಟ್ಟಿ! ಪ್ರಶಸ್ತಿಯಿಂದ ನಿನ್ನ ಹಾಡು ಬಿದ್ದೋಯ್ತಂತೆ! ನೀನೇ ಹೇಳಿ ಮಾಡಿಸ್ದೆಯಂತೆ! ಏನೇ ಮಾಡ್ಕೊಂಡೆ?"

"ಮದುವೆ ನಿಶ್ಚಯ ಮಾಡ್ಕೊಂಡೆ, ಮಾವ," ಎಂದಳು. ಅಷ್ಟು ಹೇಳಿದವಳೇ ಲಾಂಡ್ರಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು.