ಸೋಮವಾರದ ಬೀಗ

ಶಾಲೆಯ ಬಾಗಿಲಿಗೆ ಬೀಗ — ಫೋಟೋದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಅಷ್ಟೇ. ಮೂಲೆಯಲ್ಲಿ ತಾರೀಕು: ಸೋಮವಾರ, ಬೆಳಿಗ್ಗೆ ಹನ್ನೊಂದು. ಮಂಗಳವಾರ ವಿಧಾನಸಭೆಯಲ್ಲಿ ಶಾಸಕರೊಬ್ಬರು ಅದನ್ನೇ ಎತ್ತಿ ಹಿಡಿದು, "ಮಕ್ಕಳಿಲ್ಲದ ಶಾಲೆಗೆ ಅನುದಾನ ಯಾಕೆ?" ಎಂದು ಗುಡುಗಿದರು. ಬುಧವಾರ ಶಿಕ್ಷಣ ಇಲಾಖೆಯ ಅಧಿಕಾರಿ ಶಾಂತರಾಜು ಬೇಗೂರಿನಾಚೆ ಆ ಶಾಲೆಯಿದ್ದ ಪುಟ್ಟ ಹಳ್ಳಿಗೆ ಬಂದಿಳಿದರು.

ಶಿಕ್ಷಕಿ ಕುಮಾರಿಗೆ ಮೈಯೆಲ್ಲ ಉರಿಯಿತು. ಸೋಮವಾರ ಅವಳು ಇಡೀ ದಿನ ಪಾಠ ಮಾಡಿದ್ದಳು. ಹದಿನಾಲ್ಕು ಮಕ್ಕಳೂ ಬಂದಿದ್ದರು.

"ಹಾಜರಿ ಪುಸ್ತಕ ಇದೆಯಲ್ಲ ಸಾರ್?"

"ಪುಸ್ತಕ ಯಾರು ಬೇಕಾದ್ರೂ ತುಂಬಬಹುದು ಮೇಡಂ. ಫೋಟೋ ಸುಳ್ಳು ಹೇಳುತ್ತಾ?"

"ಫೋನಿನ ತಾರೀಕು ತಿದ್ದೋಕೆ ಎಷ್ಟು ಹೊತ್ತು ಬೇಕು?"

"ತಿದ್ದಿದ್ದಾರೆ ಅಂತ ತೋರ್ಸಿ. ಇಲ್ಲಾಂದ್ರೆ ಶಾಲೆ ಮುಚ್ಚೋ ವರದಿ ಸಂಜೆಗೇ ಹೋಗುತ್ತೆ."

ಮುಚ್ಚಿದರೆ ಮಕ್ಕಳು ಗುಂಡ್ಲುಪೇಟೆ ಹೆದ್ದಾರಿ ದಾಟಿ ಬೇಗೂರಿಗೆ ಹೋಗಬೇಕು. ಊಟಿಗೆ ಓಡುವ ಕಾರುಗಳು ಅಲ್ಲಿ ಯಾರಿಗೂ ನಿಲ್ಲುವುದಿಲ್ಲ. ಅರ್ಧ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆಂದು ಕುಮಾರಿಗೆ ಗೊತ್ತಿತ್ತು.

ಶಾಲಾ ಸಮಿತಿಯ ಅಧ್ಯಕ್ಷ ಶಿವಮಲ್ಲು ಕಂಬಕ್ಕೊರಗಿ ನಿಟ್ಟುಸಿರಿಟ್ಟ. "ನಂಗೂ ಒಟ್ಟೆ ಉರಿತದೆ ಸಾ. ಆದ್ರೆ ಸುಳ್ಳು ಯಾಕೆ ಏಳ್ಲಿ? ಸೋಮ್ವಾರ ಟ್ರಾಕ್ಟರಲ್ಲಿ ಓಯ್ತಿದ್ದೆ. ಬೀಗ ಆಕಿತ್ತು."

ಅಡುಗೆಯ ಈರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬಾಯಿಗೆ ಮಾತ್ರ ಅಧಿಕಾರಿ, ಅಧ್ಯಕ್ಷ ಎಂಬ ಭೇದವಿಲ್ಲ. ಶಾಂತರಾಜು ಅವರ ಫೋನಿನಲ್ಲಿದ್ದ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಬೀಗವನ್ನಲ್ಲ, ಶಾಲೆಯ ಪಕ್ಕದ ಹೊಲವನ್ನು.

"ಮಲ್ಲು, ಆಗ ಪಕ್ಕದ್ ಒಲ್ದಲ್ಲಿ ಯಾರಾರಾ ಇದ್ರಾ?"

"ಬೋರಯ್ಯ ಉಳ್ತಿದ್ದ. ಫೋಟೋದಲ್ಲೇ ಅವ್ನ ಜೋಡೆತ್ತು ಕಾಣ್ತಾವಲ್ಲಕ್ಕ."

"ನೀನೇ ಕಂಡ್ಯಾ?"

"ಕಣ್ಣಾರೆ ಕಂಡೆ ಕಣಕ್ಕ."

"ಸೋಮ್ವಾರ ಎತ್ತು ಊಡಿದ್ನಾ?"

ಶಿವಮಲ್ಲು ಕಂಬ ಬಿಟ್ಟು ನೆಟ್ಟಗೆ ನಿಂತ.

"ಹಾಗಂದ್ರೆ?" ಎಂದರು ಶಾಂತರಾಜು. ಚಾಮರಾಜನಗರದ ಪೇಟೆಯಲ್ಲಿ ಬೆಳೆದ ಕುಮಾರಿಗೂ ತಿಳಿಯಲಿಲ್ಲ.

"ಸೋಮ್ವಾರ ನಮ್ ಸೀಮೇಲಿ ಯಾರೂ ಎತ್ತಿನ ಎಗಲ ಮ್ಯಾಲೆ ನೊಗ ಮಡ್ಗದಿಲ್ಲ ಸಾ. ಬಸವಣ್ಣನ ವಾರ, ಅವಕ್ಕೆ ರಜ. ಇದು ಭಾನ್ವಾರದ ಫೋಟೋ. ಭಾನ್ವಾರ ಇಸ್ಕೂಲ್ಗೆ ಬೀಗ ಆಕ್ದೆ ಇನ್ನೇನ್ ಆಕ್ತಾರೆ? ಎತ್ತು ಮಾರಿ ಟ್ರಾಕ್ಟರ್ ತಂದು ಎಂಟೊರ್ಸ ಆಯ್ತು, ವಾರಾನೂ ಮರ್ತ್ಬುಟ್ಟೆ ಅಲ್ವೇನ್ಲಾ ಮಲ್ಲು? ಇಸ್ಕೂಲ್ ಮುಚ್ಚುದ್ರೆ ಮಕ್ಕಳೆಲ್ಲ ಕಾಸ್ ಕೊಟ್ಟು, ಪ್ರೈವೇಟ್ ಸ್ಕೂಲ್ಗೆ ನೀನ್ ಓಡ್ಸೋ ವ್ಯಾನೇ ಅತ್ಬೇಕು."

ಬೋರಯ್ಯನನ್ನು ಕರೆಸಿ ಕೇಳಿದರು. "ಭಾನ್ವಾರವೇ ಸಾ," ಎಂದ ಅವನು. "ಮಲ್ಲು ಟ್ರಾಕ್ಟರ್ ನಿಲ್ಸಿ ಫೋಟೋ ತಗೀತಿದ್ದ. ನಮ್ಮೆತ್ತಿಂದು ಅಂದ್ಕಂಡಿದ್ದೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ವಿಧಾನಸಭೆಯಲ್ಲಿ ಅಷ್ಟು ಜನರಿದ್ದರು, ಪ್ರಮಾಣಿಸಿದ್ದು ಈರಮ್ಮ ಒಬ್ಬಳೇ.

ಶಾಂತರಾಜು ಫೈಲು ಮಡಚಿ ಎದ್ದರು. "ಸರಿ ಮೇಡಂ, ಮುಚ್ಚೋ ಮಾತಿಲ್ಲ. ಬರ್ತೀನಿ."

ಕುಮಾರಿ ಬಾಗಿಲಿಗೆ ಅಡ್ಡ ನಿಂತಳು. ಆರು ವರ್ಷದ ನೌಕರಿಯಲ್ಲಿ ಅವಳು ಯಾರಿಗೂ ಎದುರಾಡಿದವಳಲ್ಲ.

"ಸುಳ್ಳು ಫೋಟೋ ಒಂದೇ ದಿನಕ್ಕೆ ವಿಧಾನಸಭೆ ಮುಟ್ಟಿತು ಸಾರ್. ಸೂರು ಸೋರ್ತಿದೆ ಅನ್ನೋ ನಮ್ಮ ಅರ್ಜಿ ನಾಲ್ಕು ವರ್ಷದಿಂದ ನಿಮ್ಮ ಮೇಜು ದಾಟಿಲ್ಲ. ಯಾಕೆ?"

"ನೋಡ್ತೀನಿ."

"ನೋಡಿದ್ದು ಸಾಕು. ರಿಪೇರಿ ಯಾವತ್ತು ಅಂತ ಬರೆದು, ಸಹಿ ಹಾಕಿ ಹೋಗಿ."

ಈರಮ್ಮ ಕುರ್ಚಿ ತಂದಿಟ್ಟಳು. ಶಾಂತರಾಜು ಬಾಗಿಲ ಕಡೆ ಒಮ್ಮೆ ನೋಡಿ, ಕೂತು, ಪೆನ್ನು ತೆಗೆದರು.